ಕೇಡಿನ ಕೂಸೂ ಅದರ ಕಾವಲುಗಾರನೂ

ಭಯವೂ ರಸಕ್ಕೆ ಮೂಲವಾಗಬಲ್ಲುದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಶೃಂಗಾರ ಕರುಣಗಳ ಪಂಕ್ತಿಯಲ್ಲಿಯೇ ಭಯಾನಕಕ್ಕೂ ಮಣೆ ಹಾಕಿದ್ದಾನೆ. ಆದುದರಿಂದ ಹೆದರಿಸುವ ಚಲಚ್ಚಿತ್ರವೆಂದೊಡನೆ ಮೂಗು ಮುರಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಈ ಚಿತ್ರಗಳಲ್ಲಿ ಒಂದು ಪಂಗಡವುಂಟು. ಅದರಲ್ಲಿ ಹೆದರಿಸುವುದು ಕೋರೆಹಲ್ಲಿನ ಬೇತಾಳವಲ್ಲ, ಹತ್ತು ಹನ್ನೆರಡು ವರ್ಷದ ಒಂದು ಮಗು. ಹಿಂದೆ ಟೆಂಟಿನ ನೆಲದ ಮೇಲೆ ಊರೆಲ್ಲ ಕೂಡಿ ಕುಳಿತು ನೋಡುತ್ತಿದ್ದುದನ್ನು ಈಗ ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ನಮ್ಮ ಮಕ್ಕಳು ಒಂಟಿಯಾಗಿ, ಹೊದಿಕೆಯ ಮರೆಯಲ್ಲಿ, ಅಂಗೈಯ ಫೋನಿನಲ್ಲಿ ನೋಡುತ್ತಾರೆ. ಆದಕಾರಣ ಮಕ್ಕಳೊಂದಿಗರಾದ ಗೃಹಸ್ಥರು ಈ ಪಂಗಡದ ವಿಚಾರವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಇದು ಹೊಸದಾಗಿ ಹುಟ್ಟಿದ ಕಥಾಪ್ರಕಾರವಲ್ಲ. ಅಮೆರಿಕದಲ್ಲಿ 1956ರಲ್ಲಿಯೇ ‘ದಿ ಬ್ಯಾಡ್ ಸೀಡ್’ ಎಂಬ ಚಿತ್ರದಲ್ಲಿ ಎರಡು ಜಡೆಯ ವಿನಯವಂತೆಯಾದ ಬಾಲಿಕೆಯೊಬ್ಬಳು ಕೊಲೆಗಾತಿಯಾಗಿ ಕಾಣಿಸಿಕೊಂಡಳು. 1973ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಬಂದಿತು. ಅಲ್ಲಿ ಪಿಶಾಚಿ ಹೊಕ್ಕ ಹುಡುಗಿ. 1976ರ ‘ದಿ ಓಮೆನ್’ ಚಿತ್ರದಲ್ಲಿ ಕೇಡಿನ ಬಾಲಕನಿಗೆ ಬೆಂಗಾವಲಾಗಿ ಒಬ್ಬ ದಾದಿಯೂ ಬಂದಳು. ನಮ್ಮ ಕನ್ನಡದಲ್ಲಿ 2016ರಲ್ಲಿ ‘ಮಮ್ಮಿ ಸೇವ್ ಮಿ’ ಎಂಬ ಚಿತ್ರ ತೆರೆಕಂಡಿತು. ಅಲ್ಲಿ ಪ್ರೇತವು ಹೆಣ್ಣುಮಗುವನ್ನು ಹಿಡಿದರೆ, ಅದನ್ನು ಕಾಯಲು ನಿಲ್ಲುವವಳು ಹೆತ್ತ ತಾಯಿ. ದೇಶ ಬೇರೆ, ಭಾಷೆ ಬೇರೆ. ಆದರೂ ಮಗುವಿನ ಪಕ್ಕದಲ್ಲಿ ಒಬ್ಬ ರಕ್ಷಕನೋ ರಕ್ಷಕಿಯೋ ಇದ್ದೇ ಇರುವರು. ನೋಡುವವರ ಕಣ್ಣೆಲ್ಲ ಮಗುವಿನ ಮೇಲೆ ನೆಟ್ಟಿರುವುದರಿಂದ ಈ ಎರಡನೆಯ ವ್ಯಕ್ತಿಯನ್ನು ಯಾರೂ ಸರಿಯಾಗಿ ಗಮನಿಸುವುದಿಲ್ಲ. ನಮ್ಮ ಮಾತೆಲ್ಲ ಆ ಎರಡನೆಯ ವ್ಯಕ್ತಿಯನ್ನು ಕುರಿತದ್ದು.

ಈ ಪಂಗಡದಲ್ಲಿ ಬಹು ನಿಪುಣವಾದುದೆಂದು ಹೇಳಬಹುದಾದ ಒಂದು ಕಥೆಯನ್ನು ತೆಗೆದುಕೊಳ್ಳೋಣ. ಸ್ವೀಡನ್ ದೇಶದಲ್ಲಿ 2004ರಲ್ಲಿ ಒಂದು ಕಾದಂಬರಿಯಾಗಿ ಹುಟ್ಟಿ, 2008ರಲ್ಲಿ ಅಲ್ಲಿಯೇ ಚಿತ್ರವಾಗಿ, 2010ರಲ್ಲಿ ‘ಲೆಟ್ ಮಿ ಇನ್’ ಎಂಬ ಹೆಸರಿನಿಂದ ಅಮೆರಿಕದಲ್ಲಿ ಮತ್ತೆ ಚಿತ್ರವಾದ ಕಥೆ ಅದು. ಶಾಲೆಯಲ್ಲಿ ಒರಟು ಹುಡುಗರಿಂದ ಪೆಟ್ಟು ತಿನ್ನುತ್ತಿರುವ ಹನ್ನೆರಡು ವರ್ಷದ ಬಾಲಕನೊಬ್ಬನ ಪಕ್ಕದ ಮನೆಗೆ ಒಬ್ಬ ಹುಡುಗಿಯೂ ವಯಸ್ಸಾದ ಗಂಡಸೊಬ್ಬನೂ ಬಾಡಿಗೆಗೆ ಬರುವರು. ಜನರು ಅವರನ್ನು ತಂದೆ ಮಗಳೆಂದು ಭಾವಿಸುವರು. ವಾಸ್ತವವಾಗಿ ಆ ಹುಡುಗಿ ರಕ್ತಪಿಶಾಚಿ, ಅವಳಿಗೆ ವಯಸ್ಸೇರುವುದಿಲ್ಲ. ಯಾರಾದರೂ ಬಾ ಎಂದು ಕರೆದ ಹೊರತು ಅವಳು ಹೊಸಿಲು ದಾಟಲಾರಳು. ಈ ನಿಯಮವನ್ನು ಕೇಳಿದಾಗ, 1990ರ ದಶಕದಲ್ಲಿ ನಮ್ಮ ಸೀಮೆಯ ಎಷ್ಟೋ ಬಾಗಿಲುಗಳ ಮೇಲೆ ದೆವ್ವವನ್ನು ಹಿಂದಿರುಗಿಸಲು ಬರೆದಿದ್ದ ‘ನಾಳೆ ಬಾ’ ಎಂಬ ಎರಡು ಪದಗಳು ವಾಚಕರಿಗೆ ನೆನಪಾಗದಿರವು. ಮನೆಯವರ ಒಪ್ಪಿಗೆಯಿಲ್ಲದೆ ಕೇಡು ಒಳಗೆ ಬಾರದೆಂಬ ನಂಬಿಕೆ ಆ ದೇಶಕ್ಕೂ ಈ ದೇಶಕ್ಕೂ ಸಮಾನವಾಗಿರುವಂತೆ ತೋರುತ್ತದೆ.

ಆ ಹುಡುಗಿಗೆ ಬೇಕಾದ ರಕ್ತವನ್ನು ತಂದುಕೊಡುವವನು ಆ ಗಂಡಸು. ಅವಳಿಗಾಗಿ ಅವನು ನಿರಪರಾಧಿಗಳನ್ನು ಕೊಲ್ಲುವನು. ಸಿಕ್ಕಿಬೀಳುವ ಹೊತ್ತಿನಲ್ಲಿ ಗುರುತು ಸಿಗಬಾರದೆಂದು ತನ್ನ ಮುಖಕ್ಕೆ ತಾನೇ ಆಮ್ಲವನ್ನು ಸುರಿದುಕೊಳ್ಳುವನು. ಕಡೆಗೆ ತನ್ನ ಕೊರಳನ್ನೂ ಅವಳಿಗೇ ಒಪ್ಪಿಸಿ ಸಾಯುವನು. ನಡುವೆ ಆ ಬಾಲಕನಿಗೆ ಒಂದು ಹಳೆಯ ಭಾವಚಿತ್ರ ಕಾಣಸಿಗುವುದು. ಅದರಲ್ಲಿ ಅದೇ ಹುಡುಗಿ, ಪಕ್ಕದಲ್ಲಿ ಒಬ್ಬ ಚಿಕ್ಕ ಹುಡುಗ. ಆ ಚಿಕ್ಕ ಹುಡುಗನೇ ಬೆಳೆದು ಮುದುಕನಾಗಿ ಈ ಕಾವಲುಗಾರನಾಗಿದ್ದಾನೆ! ಕಥೆಯ ಕೊನೆಯಲ್ಲಿ ನಮ್ಮ ಬಾಲಕನೂ ಅವಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲು ಹತ್ತುವನು. ಮುಂದಿನ ಕಾವಲುಗಾರನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನಸ್ಸಿನಲ್ಲಿ ಉಳಿಯುವುದು ಹುಡುಗಿಯ ಹಲ್ಲುಗಳಲ್ಲ, ಆ ಮುದುಕನ ಕೈಗಳು. ಅವನಲ್ಲಿ ಪ್ರೀತಿಯಿಲ್ಲವೆಂದು ಹೇಳುವಂತಿಲ್ಲ, ಬೇಕಾದಷ್ಟಿದೆ. ಆದರೆ ಆ ಪ್ರೀತಿಗೆ ‘ಕೂಡದು’ ಎಂಬ ಒಂದು ಮಾತು ಬಾರದು. ತನ್ನ ಕೂಸು ಉಳಿಯುವುದಕ್ಕೆ ಊರವರ ಮಕ್ಕಳು ಹೋದರೂ ಹೋಗಲಿ ಎನ್ನುವ ಪ್ರೀತಿ ಅದು. ಹಾಗಾದರೆ ರಕ್ಷಕನೆನ್ನಿಸಿಕೊಳ್ಳುವವನ ಲಕ್ಷಣವೇನು? ಇದನ್ನು ಹುಡುಕುತ್ತ ಬಹುದೂರ ಹೋಗಬೇಕಾಗಿಲ್ಲ. ನಂಜನಗೂಡಿನ ದೇವಾಲಯದ ಮಗ್ಗುಲಲ್ಲಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಯ ದಡದಲ್ಲಿಯೇ ಇದಕ್ಕೆ ಎರಡು ಉತ್ತರಗಳು ನಿಂತಿವೆ.

ಮೊದಲು ನರಸೀಪುರವನ್ನು ನೋಡೋಣ. ಆ ಊರಿಗೆ ಹೆಸರು ಬಂದುದೇ ನರಸಿಂಹನಿಂದ. ಅಲ್ಲಿಯ ಸ್ವಾಮಿ ಗುಂಜಾ ನರಸಿಂಹ. ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಮಿಗಿಲೆಂಬುದು ಜನರ ನಂಬಿಕೆ. ನರಸಿಂಹನೆಂದರೆ ಪ್ರಹ್ಲಾದನ ಕಥೆ. ಆ ಕಥೆಯನ್ನು ಒಮ್ಮೆ ಹಿರಣ್ಯಕಶಿಪುವಿನ ಕಡೆಯಿಂದ ನೋಡಿದರೆ ಅದೂ ಒಂದು ಕೇಡಿನ ಕೂಸಿನ ಕಥೆಯೇ ಸರಿ. ಭಾಗವತದಲ್ಲಿ ಆ ತಂದೆ ಮಗನನ್ನು ತನ್ನ ಮೈಯಲ್ಲಿ ಹುಟ್ಟಿದ ರೋಗವೆಂದು ಬಗೆಯುತ್ತಾನೆ. ಆನೆಗಳಿಂದ ತುಳಿಸುತ್ತಾನೆ, ಹಾವುಗಳನ್ನು ಬಿಡಿಸುತ್ತಾನೆ, ವಿಷವುಣಿಸುತ್ತಾನೆ, ಬೆಟ್ಟದಿಂದ ತಳ್ಳಿಸುತ್ತಾನೆ. ಆದರೂ ಮಗು ಸಾಯದು. ಇಂಥ ಮಗುವನ್ನು ಕಂಡು ಯಾವ ಮನೆಯವರು ಹೆದರರು? ಅದನ್ನು ಕಾಯಲು ಬಂದವನಾದರೋ ಸಿಂಹದ ಮುಖದವನು, ಉಗುರೇ ಆಯುಧವಾಗಿರುವವನು. ಅವನ ಕೋಪಕ್ಕೆ ಬ್ರಹ್ಮಾದಿಗಳು ದೂರ ನಿಂತರು, ಲಕ್ಷ್ಮಿಯೂ ಹತ್ತಿರ ಹೋಗಲಾರದಾದಳು. ಹತ್ತಿರ ಹೋದವನು ಮಗುವೊಬ್ಬನೇ. ಹೋದವನು ಬೇಡಿದುದಾದರೂ ಏನನ್ನು? ತನ್ನನ್ನು ಕೊಲ್ಲಹೊರಟ ತಂದೆಯ ಪಾಪವು ನೀಗಲೆಂದು. ಕೇಡು ಮಗುವಿನಲ್ಲಿರಲಿಲ್ಲ, ನೋಡಿದ ಕಣ್ಣಿನಲ್ಲಿತ್ತು ಎಂಬುದೇ ಕಥೆಯ ತಿರುಳು. 1983ರಲ್ಲಿ ‘ಭಕ್ತ ಪ್ರಹ್ಲಾದ’ ಚಿತ್ರವಾದಾಗ ಹಿರಣ್ಯಕಶಿಪುವಾದವರು ರಾಜಕುಮಾರ್, ಪ್ರಹ್ಲಾದನಾದವನು ಅವರ ಮಗನೇ ಆದ ಲೋಹಿತ್. ಮುಂದೆ ನಾಡಿಗೆಲ್ಲ ಪುನೀತ್ ಎಂದು ಪ್ರಿಯನಾದ ಹುಡುಗ. ಆ ಚಿತ್ರದಲ್ಲಿಯೂ ಭಯವುಂಟು, ರಕ್ತವುಂಟು. ಆದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದರು. ಏಕೆಂದರೆ ಅಲ್ಲಿ ಮಗುವನ್ನು ಕಂಡು ಹೆದರಿರೆಂದು ಯಾರೂ ಹೇಳಲಿಲ್ಲ.

ಇನ್ನು ನಂಜನಗೂಡು, ಗರಳಪುರಿ. ನಂಜನ್ನು ಉಂಡವನು ನಂಜುಂಡ. ಇದಕ್ಕಿಂತ ಸರಳವಾದ ಹೆಸರು ಇನ್ನಾವ ದೇವರಿಗಿದೆ? ಕಡಲು ಕಡೆದಾಗ ಹುಟ್ಟಿದ ಹಾಲಾಹಲವನ್ನು ಯಾರಾದರೂ ಕುಡಿಯಲೇಬೇಕಾಗಿತ್ತು. ಬೇರೆ ಯಾರ ಬಾಯಿಗೂ ಹಾಕದೆ ಅವನು ತಾನೇ ಕುಡಿದು, ಹೊಟ್ಟೆಗೂ ಇಳಿಸದೆ ಹೊರಕ್ಕೂ ಉಗುಳದೆ ಕೊರಳಿನಲ್ಲಿ ಹಿಡಿದನು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಗುಣವಾಯಿತೆಂದೂ, ಅಂದಿನಿಂದ ಸುಲ್ತಾನನು ಈ ದೇವರನ್ನು ಹಕೀಮ್ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿಯುಂಟು. ವಿಷವನ್ನು ಕುಡಿದವನೇ ವೈದ್ಯನಾದನು. ಸ್ವೀಡನ್ ಕಥೆಯ ಆ ಮುದುಕನನ್ನು ಇವನ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಅವನು ತನ್ನ ಕೂಸಿನ ವಿಷವನ್ನು ಊರಿಗೆ ಕುಡಿಸಿದನು. ಇವನು ಊರಿನ ವಿಷವನ್ನು ತಾನು ಕುಡಿದನು. ರಕ್ಷಕನೆಂದು ಹೇಳಿಕೊಳ್ಳುವ ಯಾರನ್ನಾದರೂ ಪರೀಕ್ಷಿಸಬೇಕಾದರೆ ಕೇಳಬೇಕಾದ ಪ್ರಶ್ನೆ ಒಂದೇ: ನಂಜನ್ನು ಉಣ್ಣುವವರು ಯಾರು?

ರಕ್ಷಕರೇ ಪೀಡಕರಾಗುವ ಬಗೆಯನ್ನು ನಮ್ಮ ವೈದ್ಯಶಾಸ್ತ್ರವೂ ಕಥೆಯಾಗಿ ಹೇಳಿದೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಬಾಲಗ್ರಹಗಳ ವರ್ಣನೆಯಿದೆ. ಪೂತನಾ, ರೇವತೀ, ಶಕುನಿ ಮೊದಲಾದವು ಅವುಗಳ ಹೆಸರು. ಇವು ಮೊದಲು ಸೃಷ್ಟಿಯಾದುದು ಶಿಶುವಾದ ಕುಮಾರಸ್ವಾಮಿಯನ್ನು ಕಾಯುವುದಕ್ಕೆ! ಕುಮಾರನು ಬೆಳೆದು ದೇವಸೇನಾಪತಿಯಾದ ಮೇಲೆ ಅವಕ್ಕೆ ಕೆಲಸವಿಲ್ಲದೆ ಹೋಯಿತು, ಜೀವನೋಪಾಯವನ್ನು ಬೇಡಿದವು, ಆಚಾರಗೆಟ್ಟ ಮನೆಗಳ ಮಕ್ಕಳನ್ನು ಹಿಡಿದು ಬದುಕುವಂತೆ ಅವಕ್ಕೆ ಅಪ್ಪಣೆಯಾಯಿತು. ಕಾವಲು ಹೊಟ್ಟೆಪಾಡಾದಾಗ ಕಾಯುವವನಿಗೆ ಭಯವು ಬೇಕಾಗುತ್ತದೆ ಎಂಬ ಲೋಕಾನುಭವ ಇದರಲ್ಲಿ ಅಡಗಿದೆ.

ಇದು ಬರಿಯ ಪುರಾಣದ ಮಾತಲ್ಲ. ಮಗುವಿಗೆ ಮೂರ್ಛೆ ಬರುತ್ತದೆ, ಅಥವಾ ನಿದ್ದೆಯಲ್ಲಿ ಎದ್ದು ಕಿರುಚುತ್ತದೆ, ಇಲ್ಲವೆ ಮಾತು ತಡವಾಗುತ್ತದೆ. ಚಿತ್ರದಲ್ಲಿ ಕಂಡ ಮಗು ಮನೆಯವರ ಕಣ್ಣಿನಲ್ಲಿರುತ್ತದೆ. ಮಂತ್ರವಾದಿ ಬಾಗಿಲಿಗೆ ಬರುತ್ತಾನೆ. ಬೇವಿನ ಬರಲು ಮೇಲೇಳುತ್ತದೆ. ಆ ಪೆಟ್ಟನ್ನು ತಿನ್ನುವುದು ದೆವ್ವವಲ್ಲ, ಏಳೆಂಟು ವರ್ಷದ ಎಳೆಯ ಬೆನ್ನು. ಮೂರ್ಛೆರೋಗವುಳ್ಳವರಲ್ಲಿ ನೂರಕ್ಕೆ ಸುಮಾರು 70 ಮಂದಿ ಸರಿಯಾದ ಔಷಧದಿಂದ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಂಜನಗೂಡಿನಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ಮಾತು ಕಿವಿಗಳ ತೊಂದರೆಗೆ ಮೈಸೂರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ದೆವ್ವ ಬಿಡಿಸುವ ನೆವದಿಂದ ಹೊಡೆಯುವುದು ನಮ್ಮ ರಾಜ್ಯದಲ್ಲಿ 2017ರ ಅಧಿನಿಯಮದಂತೆ ಅಪರಾಧ. 2020ರಲ್ಲಿ ಅದು ಜಾರಿಗೆ ಬಂದಿತು. ದೇವರಿಗೆ ಹರಕೆ ಹೊರಿರಿ, ಬೇಡವೆನ್ನುವವರಾರು? ಆದರೆ ಹಕೀಮ್ ನಂಜುಂಡನು ವೈದ್ಯರ ಬಾಗಿಲನ್ನು ಮುಚ್ಚಿದವನಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಪಾಠಶಾಲೆಯಲ್ಲಿ ಕಳೆದ ವರ್ಷಗಳಲ್ಲಿ ನಾವು ಅದನ್ನೇ ಹೆಚ್ಚಾಗಿ ಕಂಡೆವು. ಹುಡುಗನು ಸಣ್ಣವನನ್ನು ಹೊಡೆದು ಅವನ ಬಳಪ ಕಸಿದುಕೊಂಡಿರುತ್ತಾನೆ. ಹೇಳಿ ಕಳುಹಿಸಿದರೆ ಮನೆಯ ಹಿರಿಯರು ಬಂದು ‘ನಮ್ಮ ಹುಡುಗ ಅಂಥವನಲ್ಲ’ ಎಂದು ಸಾಧಿಸಿ ಹೋಗುತ್ತಾರೆ. ಅಜ್ಜಿಯು ಸೆರಗಿನ ಮರೆಯಲ್ಲಿ ಅವನ ಕಳ್ಳತನವನ್ನು ಮುಚ್ಚುತ್ತಾಳೆ, ತಾಯಿಯು ತಂದೆಗೆ ತಿಳಿಯದಂತೆ ಅವನ ಸಾಲ ತೀರಿಸುತ್ತಾಳೆ. ಪ್ರೀತಿಯೇ ಹೌದು. ಆದರೆ ನಂಜನ್ನು ಉಂಡವರು ಯಾರು? ಬಳಪ ಕಳೆದುಕೊಂಡು ಅಳುತ್ತ ನಿಂತ ಆ ಸಣ್ಣ ಹುಡುಗ. ಚಿತ್ರದ ಮುದುಕನೂ ಮೊದಲ ದಿನವೇ ಕೊಲೆಗಾರನಾಗಿರಲಾರ. ಇಂಥ ಸಣ್ಣ ಮುಚ್ಚುಮರೆಗಳಿಂದಲೇ ತೊಡಗಿರಬೇಕು.

ಈಗ ಕೇಳುವ ಪ್ರಶ್ನೆ: ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸಬಹುದೆ? ಇವುಗಳಲ್ಲಿ ಹಲವು ವಯಸ್ಕರಿಗೆಂದೇ ಪ್ರಮಾಣಪತ್ರ ಪಡೆದವು. ಹಿರಿಯರೊಡನೆ ನೋಡಬೇಕಾದ ಚಿತ್ರಗಳಿಗೆ 2024ರ ನಿಯಮಗಳು 7, 13, 16 ವರ್ಷಗಳ ಮೆಟ್ಟಿಲುಗಳನ್ನು ಗೊತ್ತುಮಾಡಿವೆ. ಆ ಅಂಕೆಯನ್ನು ಮೊದಲು ನೋಡಿರಿ. ಮಗು ಮರೆಯಲ್ಲಿ ನೋಡಿಬಿಟ್ಟಿದ್ದರೆ ಗದರಿಸಬೇಡಿರಿ. ಹೆದರಿದ ಮಗುವನ್ನು ಮತ್ತೆ ಹೆದರಿಸಿದರೆ ಅದು ಮುಂದೆ ಏನನ್ನೂ ಹೇಳದು. ದೀಪ ಹಚ್ಚಿ ಪಕ್ಕದಲ್ಲಿ ಕುಳಿತು, ಆ ಹುಡುಗಿಯಾಗಿ ಅಭಿನಯಿಸಿದವಳೂ ನಿನ್ನಂತೆ ಶಾಲೆಗೆ ಹೋಗುವ ಮಗುವೆಂದೂ, ಅದು ಬಣ್ಣದ ರಕ್ತವೆಂದೂ ತಿಳಿಯಹೇಳಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊತ್ತು ಮೀರಿ ಅಳುವ ಮಗುವನ್ನು ‘ಪೀಡೆ’, ‘ಶನಿ’, ‘ದೆವ್ವ’ ಎಂದು ಕರೆಯುವ ಚಾಳಿಯನ್ನು ನಮ್ಮ ಮನೆಗಳಿಂದ ತೆಗೆದುಹಾಕಬೇಕು. ನಾವು ಬಾಯಿಮಾತಿಗೆ ಅಂದುದನ್ನು ಮಗು ನಿಜವೆಂದು ನಂಬುತ್ತದೆ. ಅದಕ್ಕೆ ತನ್ನ ವಿಷಯವಾಗಿ ತಿಳಿದಿರುವುದು ನಾವು ಹೇಳಿದಷ್ಟೇ ಅಲ್ಲವೆ?