ಗೋಡೆಗೂ ಒಂದು ರಿಯಾಯಿತಿ

ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ವರವು ಕಾವಲಿನ ಸುತ್ತಣ ಹಳ್ಳಿಗಳದು ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ಅಲ್ಲಿಯ ಹಳೆಯ ಮಾಳಿಗೆ ಮನೆಗಳ ಒಳಗೆ ನಡುಹಗಲಿನಲ್ಲೂ ತಂಪಿರುತ್ತದೆ. ದಪ್ಪ ಗೋಡೆ, ಚಿಕ್ಕ ಕಿಟಕಿ, ಮಣ್ಣು ಹೊದ್ದ ಸೂರು: ಬಿಸಿಲನ್ನು ಹೊರಗೇ ತಡೆಯುವ ಈ ಉಪಾಯಕ್ಕೆ ವಿದ್ಯುತ್ತೇ ಬೇಡ. ಚಳ್ಳಕೆರೆಯಂಥ ಊರಿನಲ್ಲಿ ಗಾಜಿನ ಮುಖದ ಮಳಿಗೆಯನ್ನು ಕಟ್ಟಿಸಿದರೆ, ಒಳಹೊಕ್ಕ ಸೆಕೆಯನ್ನು ಹೊರದೂಡಲು ದಿನವಿಡೀ ಯಂತ್ರ ನಡೆಯಬೇಕು.

ತೆರಿಗೆಯ ಕಾನೂನು ಯಾರ ಬೆನ್ನು ತಟ್ಟುತ್ತದೆ? ವರ್ತಕನು ತನ್ನ ಆಸ್ತಿಯ ಬೆಲೆಯಲ್ಲಿ ವರ್ಷವರ್ಷವೂ ಒಂದು ಪಾಲನ್ನು ಆದಾಯದಿಂದ ಕಳೆಯಬಹುದು. ಇದಕ್ಕೆ ಸವಕಳಿಯೆಂದು ಹೆಸರು. ಅದು ಹೆಚ್ಚಿದಷ್ಟೂ ಆ ವರ್ಷದ ತೆರಿಗೆ ಕಡಿಮೆ. ವಿದ್ಯುತ್ ಹೊರೆಯನ್ನು ಗಮನಿಸುವ ಸಾಧನದಂಥ, ಶಕ್ತಿ ಉಳಿಸುವ ಕೆಲವು ಉಪಕರಣಗಳಿಗೆ ಮೊದಲು ಶೇಕಡಾ 80ರಷ್ಟು ಸವಕಳಿಯಿತ್ತು; 2017ರಲ್ಲಿ ಅದನ್ನು 40ಕ್ಕೆ ಇಳಿಸಲಾಯಿತು. ಆಗಲೂ ವಾಣಿಜ್ಯ ಕಟ್ಟಡದ ಗೋಡೆಗೆ, ಅದೆಷ್ಟೇ ದಪ್ಪವಿರಲಿ, ದೊರೆತದ್ದು ಶೇಕಡಾ 10 ಮಾತ್ರ. ಕೊಂಡ ಉಪಕರಣಕ್ಕೆ ರಸೀದಿಯುಂಟು. ನೆರಳಿಗೆ ರಸೀದಿ ಎಲ್ಲಿಯದು?

ಚದರಡಿಗೆ ಎಷ್ಟು ಯೂನಿಟ್ ಖರ್ಚಾಯಿತೆಂಬುದನ್ನು ಮೀಟರಿನಲ್ಲಿ ನೋಡಿ, ಕಟ್ಟಡದ ಕಂದಾಯದಲ್ಲಿ ರಿಯಾಯಿತಿ ನೀಡುವುದು ಹೆಚ್ಚು ನ್ಯಾಯ. ಬಾಗಿಲು ಮುಚ್ಚಿದ ಅಂಗಡಿಯವನೂ ಆಗ ಕೈಚಾಚಿಯಾನು. ಆದುದರಿಂದ ವ್ಯಾಪಾರ ನಡೆದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.