ಚಿಕ್ಕ ಮದುವೆ ಬೇರೆ, ಮುಚ್ಚಿಟ್ಟ ಮದುವೆ ಬೇರೆ

ಸಹೋದರಿಯರೇ, ಮಗಳು ಊಟವಾದ ಮೇಲೆ ನಿಮ್ಮ ಪಕ್ಕದಲ್ಲಿ ಬಂದು ಕುಳಿತು, "ಅಮ್ಮೀ, ನನ್ನ ನಿಕಾಹ್‌ಗೆ ಶಾದಿಮಹಲ್ ಬೇಡ. ಎರಡೂ ಮನೆಯವರು ಸೇರಿ ಹನ್ನೆರಡು ಜನ ಚಿಕ್ಕಮಗಳೂರಿಗೆ ಹೋಗೋಣ. ಅಲ್ಲೇ ಬೆಟ್ಟದ ಊರಲ್ಲಿ ಸರಳವಾಗಿ ನಿಕಾಹ್ ಮುಗಿಸಿ ಬರೋಣ" ಎಂದರೆ ನೀವು ಏನು ಹೇಳುತ್ತೀರಿ?

ಸಿಂಧನೂರಾಗಲಿ, ಮಸ್ಕಿಯಾಗಲಿ, ಲಿಂಗಸುಗೂರಾಗಲಿ, ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವ ಮಾತು "ಜನ ಏನಂದಾರು?" ಎಂಬುದೇ. ಅದರ ಹಿಂದೆ ಒಂದು ಅನುಮಾನವೂ ಇರುತ್ತದೆ. ಊರು ಬಿಟ್ಟು ಹೋಗಿ ಮದುವೆಯಾಗುವಂಥದ್ದು ಏನಾಗಿದೆ? ಹೊರದೇಶಗಳಲ್ಲಿ ಹೀಗೆ ಆಪ್ತರಾದ ನಾಲ್ಕಾರು ಜನರೊಂದಿಗೆ ಬೆಟ್ಟದೂರಿಗೆ ಹೋಗಿ ಮದುವೆಯಾಗುವುದನ್ನು 'ಎಲೋಪ್‌ಮೆಂಟ್' ಎನ್ನುತ್ತಾರೆ. ನಮ್ಮಲ್ಲಿ ಆ ಪದಕ್ಕೆ ಓಡಿಹೋಗುವುದು ಎಂದೇ ಅರ್ಥ. ಆದ್ದರಿಂದ ಚಿಕ್ಕ ಮದುವೆಗೂ ಮುಚ್ಚಿಟ್ಟ ಮದುವೆಗೂ ಇರುವ ಅಂತರವನ್ನು ನಾವು ಮೊದಲು ತಿಳಿದುಕೊಳ್ಳಬೇಕು.

ಚಿಕ್ಕ ಮದುವೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾದಲ್ಲಿ ಅನ್ಸಾರಿ ಮಹಿಳೆಯೊಬ್ಬರನ್ನು ವಿವಾಹವಾದರು. ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಆಗಿ ಕೊಟ್ಟರು. ಅವರ ಬಟ್ಟೆಯ ಮೇಲಿನ ಹಳದಿ ಗುರುತನ್ನು ನೋಡಿ ವಿಚಾರಿಸಿದಾಗಲೇ ಪ್ರವಾದಿ(ಸ)ಯವರಿಗೆ ಮದುವೆಯ ವಿಷಯ ಗೊತ್ತಾದದ್ದು. ಅದೇ ಊರಿನಲ್ಲಿದ್ದ ಅಲ್ಲಾಹನ ಪ್ರವಾದಿಗೇ ಆಮಂತ್ರಣ ಹೋಗಿರಲಿಲ್ಲ! ಆದರೂ ಅವರು ಬೇಸರಪಡಲಿಲ್ಲ. ಬರಕತ್‌ಗಾಗಿ ಪ್ರಾರ್ಥಿಸಿ, ಒಂದು ಕುರಿಯಿಂದಾದರೂ ಸರಿ, ವಲೀಮಾ ಮಾಡಿ ಎಂದು ಸೂಚಿಸಿದರು. ನಮ್ಮಲ್ಲಾದರೋ, ಪತ್ರಿಕೆ ಕೈಗೆ ಬರಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಡುವ ಚಾಚಾ, ಖಾಲಾಗಳಿದ್ದಾರೆ.

ಪ್ರಯಾಣದಲ್ಲಿ ಮದುವೆ ಎಂಬುದೂ ಹೊಸದಲ್ಲ. ಹಿಜರಿ 7ನೇ ವರ್ಷ, ಅಂದರೆ ಕ್ರಿ.ಶ. 628ರಲ್ಲಿ ಖೈಬರ್‌ನಿಂದ ಮದೀನಾಕ್ಕೆ ಮರಳುವ ದಾರಿಯಲ್ಲೇ ಪ್ರವಾದಿ(ಸ) ಮತ್ತು ಹಝ್ರತ್ ಸಫಿಯ್ಯಾ(ರ)ರ ವಲೀಮಾ ನಡೆಯಿತು. ಅದರಲ್ಲಿ ರೊಟ್ಟಿಯಿರಲಿಲ್ಲ, ಮಾಂಸವಿರಲಿಲ್ಲ. ಚರ್ಮದ ಹಾಸನ್ನು ಹಾಸಿ, ಅದರ ಮೇಲೆ ಖರ್ಜೂರ, ಒಣ ಗಿಣ್ಣು ಮತ್ತು ತುಪ್ಪವನ್ನು ಇಡಲಾಯಿತು. ಜೊತೆಗಿದ್ದವರು ಅದನ್ನೇ ಹಂಚಿ ತಿಂದರು.

ಇದನ್ನು ನಮ್ಮ ಮದುವೆಗಳ ಪಕ್ಕದಲ್ಲಿಟ್ಟು ನೋಡಿ. ಜೋಡೆ ಕೀ ರಕಮ್, ಜಹೇಜ್‌ನ ಮಂಚ ಮತ್ತು ಅಲ್ಮಾರಿ, ಗಂಡಿನ ಕಡೆಯ ಐನೂರು ಜನರಿಗೆ ಬಗಾರಾ ಅನ್ನ ಮತ್ತು ದಾಲ್ಚಾ, ಎರಡು ಬಗೆಯ ಮೀಠಾ. ಇದಕ್ಕಾಗಿ ಕಾಲುವೆ ಕೆಳಗಿನ ಭತ್ತದ ಗದ್ದೆಯನ್ನು ಒತ್ತೆಯಿಟ್ಟವರಿದ್ದಾರೆ, ಸಂಘದ ಸಾಲ ತೆಗೆದವರಿದ್ದಾರೆ. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರಿಂದಲೇ ಕಾನೂನಿನ ಪ್ರಕಾರ ಅಪರಾಧ. ಮದುವೆ ಒಂದು ದಿನದಲ್ಲಿ ಮುಗಿಯುತ್ತದೆ, ಕಂತು ಮಾತ್ರ ಮಗಳಿಗೆ ಮಗುವಾದರೂ ಮುಗಿಯುವುದಿಲ್ಲ. ಇದನ್ನೆಲ್ಲ ನೋಡುತ್ತಾ ಬೆಳೆದ ಹುಡುಗಿ "ಹನ್ನೆರಡು ಜನ ಸಾಕು" ಎಂದರೆ ಅದು ಹಟವಲ್ಲ. ತಂದೆಯ ಹೆಗಲಿನ ಭಾರವನ್ನು ಆಕೆ ಕಂಡಿದ್ದಾಳೆ.

ಆದರೆ ಮುಚ್ಚಿಟ್ಟ ಮದುವೆಯ ಕಥೆ ಬೇರೆ. ನಿಕಾಹ್ ಎಂದರೆ ಗಟ್ಟಿಯಾದ ಕರಾರು. ಅದಕ್ಕೆ ಇಬ್ಬರ ಒಪ್ಪಿಗೆ ಬೇಕು, ಸಾಕ್ಷಿಗಳು ಬೇಕು, ಮಹ್ರ್ ಬೇಕು. ಅದು ನಾಲ್ಕು ಜನರಿಗೆ ತಿಳಿದಿರಬೇಕು. ವಲಿಯ ವಿಷಯದಲ್ಲಿ ಇಮಾಮರುಗಳ ನಡುವೆ ಭಿನ್ನಾಭಿಪ್ರಾಯವಿದೆ. ಶಾಫಿಈ ಮದ್‌ಹಬ್‌ನಲ್ಲಿ ವಲಿಯಿಲ್ಲದೆ ನಿಕಾಹ್ ಇಲ್ಲ. ಪ್ರಾಯಕ್ಕೆ ಬಂದ ವಿವೇಕಿ ಹೆಣ್ಣು ತನ್ನ ನಿಕಾಹ್ ತಾನೇ ಮಾಡಿಕೊಳ್ಳಬಹುದೆಂದು ಇಮಾಮ್ ಅಬೂ ಹನೀಫಾ ಹೇಳಿದ್ದರೂ, ಹನಫಿ ಉಲಮಾಗಳು ಕೂಡ ವಲಿಯನ್ನು ಮುಂದಿಟ್ಟುಕೊಂಡೇ ನಡೆಯಿರಿ ಎನ್ನುತ್ತಾರೆ. ಕಾರಣ ಸರಳ. ನಾಳೆ ಗಂಡ ಕೈಬಿಟ್ಟರೆ, ಮಹ್ರ್ ಕೊಡುವುದಿಲ್ಲವೆಂದರೆ, "ಮದುವೆಯೇ ಆಗಿಲ್ಲ" ಎಂದರೆ ಆಕೆಯ ಪರ ಎದ್ದು ನಿಲ್ಲುವವರು ಯಾರು? ಬೆಟ್ಟದ ಮಂಜು ಸಾಕ್ಷಿ ಹೇಳಲು ಬರುವುದಿಲ್ಲ.

ಹಾಗೆಂದು ತಪ್ಪೆಲ್ಲ ಮಕ್ಕಳದೇ ಎನ್ನಬೇಡಿ. ಹುಡುಗಿಯರು ಮನೆ ಬಿಟ್ಟು ಹೋಗುವುದಕ್ಕೆ ಎಷ್ಟೋ ಸಲ ನಮ್ಮ ಕಿವುಡುತನವೂ ಕಾರಣ. ಖನ್ಸಾ ಬಿಂತ್ ಖಿದಾಮ್(ರ) ಎಂಬ ಮಹಿಳೆಗೆ ಆಕೆಯ ತಂದೆ ಇಷ್ಟವಿಲ್ಲದ ಮದುವೆ ಮಾಡಿಸಿದ್ದರು. ಆಕೆ ಪ್ರವಾದಿ(ಸ)ಯವರ ಬಳಿ ದೂರು ತಂದಾಗ ಅವರು ಆ ನಿಕಾಹ್‌ಅನ್ನು ರದ್ದುಪಡಿಸಿದರು. ವಲಿಗೆ ಸ್ಥಾನ ಕೊಟ್ಟ ಧರ್ಮವೇ ಮಗಳ ಬಾಯಿಗೂ ಸ್ಥಾನ ಕೊಟ್ಟಿದೆ.

ಇದಕ್ಕೆ ನಮ್ಮ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲೇ ಒಂದು ಕಥೆಯಿದೆ. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, 1406ರ ಸುಮಾರಿಗೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ಚೆಲುವನ್ನು ಕೇಳಿದ ವಿಜಯನಗರದ ದೇವರಾಯ ಆಭರಣಗಳೊಂದಿಗೆ ಮದುವೆಯ ಮಾತು ಕಳುಹಿಸಿದ. ತಂದೆತಾಯಿ ಹಿಗ್ಗಿದರು. ಹುಡುಗಿ ಮಾತ್ರ ಒಲ್ಲೆನೆಂದಳು. ಅರಮನೆ ಸೇರಿದ ಹೆಣ್ಣು ಮತ್ತೆ ಹೆತ್ತವರ ಮುಖ ನೋಡಲಾರಳು ಎಂಬುದು ಆಕೆಯ ಕಾರಣ. ಅರಸನ ಸೈನ್ಯ ಬಂತು. ಆಕೆಯ ಮನೆಯವರು ಊರು ಬಿಟ್ಟರು. ಅದರಿಂದ ಫಿರೋಜ್ ಶಾ ಬಹಮನಿಯೊಂದಿಗೆ ಯುದ್ಧವೇ ನಡೆಯಿತು. ಒಬ್ಬ ಹುಡುಗಿಯ "ಒಲ್ಲೆ"ಯನ್ನು ಕೇಳಿಸಿಕೊಳ್ಳದಿದ್ದುದಕ್ಕೆ ಎಷ್ಟು ಮನೆಗಳು ಬೆಲೆ ತೆತ್ತವೋ! ಆಕೆಗೆ ಚಿನ್ನಕ್ಕಿಂತ ಹೆತ್ತವರ ಸಮೀಪ ದೊಡ್ಡದಾಗಿತ್ತು. ನಮ್ಮ ಹೆಣ್ಣುಮಕ್ಕಳಲ್ಲೂ ಹೆಚ್ಚಿನವರಿಗೆ ಹಾಗೆಯೇ. ಹೇಳಿದರೆ ಕೇಳುತ್ತಾರೆಂಬ ಭರವಸೆಯಿದ್ದರೆ ಯಾರೂ ರಾತ್ರಿ ಬಸ್ಸು ಹತ್ತುವುದಿಲ್ಲ.

ಸರಿ, ಎರಡೂ ಮನೆಯವರು ಒಪ್ಪಿದರು ಎನ್ನೋಣ. ಬೆಟ್ಟದೂರಿನ ನಿಕಾಹ್‌ಗೆ ಸಿದ್ಧತೆ ಹೇಗೆ?

ಮೊದಲು ಕಾಗದಪತ್ರ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ವಯಸ್ಸಿನ ದಾಖಲೆ, ಗುರುತಿನ ಚೀಟಿ, ಫೋಟೋ, ಸಾಕ್ಷಿಗಳ ಗುರುತಿನ ಚೀಟಿ ಎಲ್ಲವೂ ಒಂದೇ ಚೀಲದಲ್ಲಿರಲಿ. ನಿಮ್ಮ ಜಮಾಅತ್‌ನಿಂದ ಪತ್ರ ಪಡೆದುಕೊಳ್ಳಿ. ಬೇರೆ ಊರಿನ ಖಾಝಿಗಳು ಅದನ್ನು ಕೇಳುವುದುಂಟು. ಊರಿನ ಖಾಝಿಯವರನ್ನೇ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಮಹ್ರ್ ಎಷ್ಟು, ಅದರಲ್ಲಿ ಈಗ ಕೊಡುವುದೆಷ್ಟು, ಬಾಕಿ ಎಷ್ಟು ಎಂಬುದು ನಿಕಾಹ್‌ನಾಮಾದಲ್ಲಿ ಸ್ಪಷ್ಟವಾಗಿರಲಿ, ಅದರ ಒಂದು ಪ್ರತಿ ಹುಡುಗಿಯ ಕೈಯಲ್ಲಿರಲಿ. ಆನಂತರ ಮದುವೆಯನ್ನು ಸರಕಾರಿ ಕಚೇರಿಯಲ್ಲಿ ನೋಂದಾಯಿಸಿ. ಯಾವ ಕಚೇರಿ, ಏನೇನು ಬೇಕು ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಬೆಟ್ಟದೂರಿನ ಕಚೇರಿಗೆ ಹೋಗಿ ಒಂದೇ ದಿನದಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಳ್ಳಬಹುದೆಂದು ಕೆಲವರು ತಿಳಿದಿದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ, ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯಲ್ಲೇ ನೋಟಿಸ್ ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆಯಬೇಕು. ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಕಾನೂನೂ ಮದುವೆಯನ್ನು ಕತ್ತಲೆಯಲ್ಲಿ ನಡೆಯಲು ಬಿಡುವುದಿಲ್ಲ.

ಇನ್ನು ಪ್ರಯಾಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಕುಸಿದವು. ಅಕ್ಟೋಬರ್ ಕಳೆದ ಮೇಲೆ ಹೋಗುವುದು ವಾಸಿ. ನಮ್ಮ ಬಿಸಿಲಿಗೆ ಒಗ್ಗಿದ ದಾದೀ, ನಾನೀಯರಿಗೆ ಅಲ್ಲಿನ ಚಳಿ ತಾಳುವುದು ಕಷ್ಟ. ಸ್ವೆಟರ್, ಔಷಧಿ ಮರೆಯಬೇಡಿ. ಹೋಮ್‌ಸ್ಟೇ ಹಿಡಿಯುವ ಮುನ್ನ ಹಲಾಲ್ ಊಟ, ನಮಾಝ್‌ಗೆ ಸ್ಥಳ, ಹೆಂಗಸರಿಗೆ ಪ್ರತ್ಯೇಕ ಕೋಣೆ ಇದೆಯೇ ಎಂದು ಕೇಳಿ. ಮೊಣಕಾಲು ನೋವಿನವರಿಗೆ ಮೆಟ್ಟಿಲುಗಳೆಷ್ಟು ಎಂಬುದನ್ನೂ ಕೇಳಿ.

ಲೆಕ್ಕವನ್ನೂ ಹಾಕಿ. ದುಬಾರಿ ರಿಸಾರ್ಟ್, ಹೂವಿನ ಮಂಟಪ, ಡ್ರೋನ್ ಕ್ಯಾಮೆರಾ ಎಂದು ಹೊರಟರೆ ಹನ್ನೆರಡು ಜನರ ಮದುವೆ ಐನೂರು ಜನರ ಮದುವೆಗಿಂತ ಭಾರವಾದೀತು. ಜನ ಕಡಿಮೆಯಾದ ಮಾತ್ರಕ್ಕೆ ದುಂದು ಕಡಿಮೆಯಾಗುವುದಿಲ್ಲ. ಅಷ್ಟು ಹಣವಿಲ್ಲದಿದ್ದರೆ ಮೊಹಲ್ಲಾದ ಮಸೀದಿಯಲ್ಲಿ ಅಸ್ರ್ ನಂತರ ನಿಕಾಹ್ ಮಾಡಿಸಿ, ಮಕ್ಕಳು ಆಮೇಲೆ ಬೆಟ್ಟ ನೋಡಿಬರಲಿ. ಬೆಟ್ಟವೇ ಬೇಕೆಂದರೆ ಮಸ್ಕಿಯಲ್ಲೂ ಇದೆ. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿದ್ದು ಅಲ್ಲಿಯೇ ಅಲ್ಲವೇ!

ಕೊನೆಯದಾಗಿ, ಮರಳಿ ಬಂದ ಮೇಲೆ ಊರಿನಲ್ಲಿ ಚಿಕ್ಕದೊಂದು ವಲೀಮಾ ಇಟ್ಟುಕೊಳ್ಳಿ. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟವನ್ನು ಪ್ರವಾದಿ(ಸ) ಅತ್ಯಂತ ಕೆಟ್ಟ ಊಟವೆಂದಿದ್ದಾರೆ. ಬೆಟ್ಟಕ್ಕೆ ಕರೆದೊಯ್ಯಲಾಗದ ವಿಧವೆ ಖಾಲಾ, ಪಕ್ಕದ ಮನೆಯ ಮುಸ್ಲಿಮೇತರ ಅಕ್ಕ, ಮಗಳಿಗೆ ಕುರ್‌ಆನ್ ಕಲಿಸಿದ ಆಪಾ, ಇವರೆಲ್ಲ ಅಂದು ನಿಮ್ಮ ದಸ್ತರ್‌ಖಾನ್‌ನಲ್ಲಿರಲಿ. ಅನ್ನ, ದಾಲ್ಚಾ ಸಾಕು. ಇವಳು ಇಂಥವನ ಹೆಂಡತಿಯೆಂದು ಊರಿಗೆ ತಿಳಿಯಲಿ. ಆ ತಿಳಿವಳಿಕೆಯೇ ಆಕೆಗೆ ಕಾವಲು.

ಈ ತಿಂಗಳು ಮಗಳು ಪಕ್ಕದಲ್ಲಿ ಬಂದು ಕುಳಿತರೆ "ಜನ ಏನಂದಾರು" ಎನ್ನುವ ಮೊದಲು "ನಿನಗೇನು ಬೇಕು, ಮಗಳೇ?" ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.