ಗುಂಡಿಗಳ ಮೋಹ



ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ವಿಜ್ಞಾನದ ತರಗತಿಯಲ್ಲಿ ನನ್ನಿಂದ ಸಾಕಷ್ಟು ಪೆಟ್ಟು ತಿಂದವನು. ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಬಿ.ದುರ್ಗ ಹೋಬಳಿಯ ತನ್ನ ಊರಿನ ಮನೆಯಲ್ಲಿ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿ, ತಂದೆಯವರ ಭಜನಾ ಮೇಳವನ್ನೂ ಊರಿನ ಅಜ್ಜಿಯರ ಸೋಬಾನೆ ಪದಗಳನ್ನೂ ಧ್ವನಿಮುದ್ರಿಸಬೇಕೆಂಬುದು ಅವನ ಆಸೆ. "ಸಾರ್, ನಲವತ್ತು ಸಾವಿರ ಎತ್ತಿಟ್ಟಿದ್ದೀನಿ. ಹನ್ನೆರಡು ಚಾನೆಲ್ಲಿನ ಮಿಕ್ಸರ್ ತಗೊಳ್ಳಲೋ, ಹದಿನಾರರದೋ?" ಎಂದು ಕೇಳಿದ. ಎರಡೂ ಬೇಡ ಎಂದೆ. ಅವನಿಗೆ ಬೇಸರವಾದಂತೆ ಕಂಡಿತು. ಫೋನಿನಲ್ಲಿ ವಿವರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಟುಡಿಯೋ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಸಾಲು ಸಾಲು ಗುಂಡಿಗಳ, ಮಿನುಗುವ ದೀಪಗಳ ಒಂದು ಮೇಜು. ಅದರ ಹಿಂದೆ ಕುಳಿತವನೇ ಪಂಡಿತ! ಅಂಗಡಿಯವರೂ ಅದನ್ನೇ ಮೊದಲು ತೋರಿಸುತ್ತಾರೆ. ಆದರೆ ಆ ಮೇಜು ಜಾತ್ರೆಗೆ, ನಾಟಕಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಹುಟ್ಟಿದ್ದು. ಹತ್ತು ಕಡೆಯ ಧ್ವನಿಯನ್ನು ಅದೇ ಕ್ಷಣದಲ್ಲಿ ಬೆರೆಸಿ ಸ್ಪೀಕರಿಗೆ ಕಳುಹಿಸುವುದು ಅದರ ಕೆಲಸ. ನಮ್ಮ ಮೈಕ್‌ಸೆಟ್ಟಿನವರಿಗೆ ಅದಿಲ್ಲದೆ ಆಗದು. ಆ ಮಾತಿಗೆ ನನ್ನ ತಕರಾರಿಲ್ಲ. ಧ್ವನಿಮುದ್ರಣದ ಕೋಣೆಯಲ್ಲಿ ಮಾತ್ರ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಧ್ವನಿಗಳನ್ನು ಬೇರೆಬೇರೆಯಾಗಿ ಕಾಯ್ದಿಡುವುದು. ಬೆರೆಸುವುದಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹನ್ನೆರಡು ವರ್ಷಗಳ ಹಿಂದೆ ನನ್ನ ಸೋದರಳಿಯ ಯು.ಎಸ್.ಬಿ. ಇರುವ ಹನ್ನೆರಡು ಚಾನೆಲ್ಲಿನ ಮಿಕ್ಸರೊಂದನ್ನು ಕೊಂಡು ತಂದ. ನನ್ನ ಅಕ್ಕ, ಅಂದರೆ ಅವನ ತಾಯಿ, ಬೀಸುವ ಪದ, ಸೋಬಾನೆ, ಲಾಲಿ ಎಂದು ರಾತ್ರಿಯಿಡೀ ಹಾಡಬಲ್ಲವಳಾಗಿದ್ದಳು. ಒಂಟಿ ದನಿ, ಜೊತೆಗೆ ಸೊಲ್ಲು ಹಿಡಿಯಲು ಒಬ್ಬ ಗೆಳತಿ. ಅಷ್ಟೇ ಅವಳ ಮೇಳ. "ಇಷ್ಟೆಲ್ಲ ಚಾನೆಲ್ ಖಾಲಿ ಬಿದ್ದಿವೆಯಲ್ಲ ಮಾವ" ಎಂದು ಅಳಿಯ ಹಾರ್ಮೋನಿಯಂನವರನ್ನೂ ತಬಲದವರನ್ನೂ ಕರೆಸಿದ. ನಾಲ್ಕು ಮೈಕು ನಿಂತವು. "ಇದೇನೋ ತಮ್ಮ, ನನ್ನ ಹಾಡಿಗೆ ಇಷ್ಟೊಂದು ಕಾವಲು?" ಎಂದು ಅಕ್ಕ ನಕ್ಕಳು. ಹೆಡ್‌ಫೋನ್ ಹಾಕಿಕೊಂಡು ಫೇಡರ್ ಎಳೆಯುತ್ತ ಕುಳಿತವನು ನಾನೇ. ನನಗೂ ಪಂಡಿತನಾಗುವ ಚಪಲ!

ಮನೆಗೆ ಬಂದು ಕೇಳಿದರೆ ಹಾರ್ಮೋನಿಯಂ ಅಬ್ಬರದಲ್ಲಿ ಅಕ್ಕನ ದನಿ ಅರ್ಧ ಮುಳುಗಿತ್ತು. ಅವಳ ಚಾನೆಲ್ಲನ್ನಷ್ಟೇ ಏರಿಸೋಣವೆಂದು ಗಣಕಯಂತ್ರದಲ್ಲಿ ಹುಡುಕಿದೆ. ಅಂಥದ್ದೊಂದು ಇರಲೇ ಇಲ್ಲ! ಹನ್ನೆರಡು ತೂತುಗಳಿದ್ದರೂ ಆ ಮಿಕ್ಸರಿನಿಂದ ಗಣಕಕ್ಕೆ ಹೋಗುತ್ತಿದ್ದದ್ದು ಎಡ-ಬಲವೆಂಬ ಎರಡೇ ಧಾರೆ. ಇದು ದೋಷವಲ್ಲ, ಅದರ ರಚನೆಯೇ ಹಾಗೆ. ಈಗಲೂ ಯು.ಎಸ್.ಬಿ. ಇರುವ ಸಾಮಾನ್ಯ ಮಿಕ್ಸರುಗಳ ಕಥೆ ಬಹುಮಟ್ಟಿಗೆ ಇದೇ; ಯಮಹಾ ಎಂಜಿ10ಎಕ್ಸ್‌ಯು ಕೂಡ ಕಳುಹಿಸುವುದು ಎರಡನ್ನೇ. ಪೆಟ್ಟಿಗೆಯ ಮೇಲಿನ ಚಾನೆಲ್ ಸಂಖ್ಯೆಯನ್ನು ಓದಿದೆವೇ ಹೊರತು ಒಳಪುಟದ ಸಣ್ಣಕ್ಷರವನ್ನು ನಾವಿಬ್ಬರೂ ಓದಿರಲಿಲ್ಲ. ರುಬ್ಬಿದ ಚಟ್ನಿಯಿಂದ ಕಾಯಿತುರಿಯನ್ನು ಮರಳಿ ತೆಗೆಯಲಾದೀತೆ?

ಸಾಲದ್ದಕ್ಕೆ ನಾಲ್ಕು ಮೈಕುಗಳ ಉಪದ್ರವ ಬೇರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಅಂದರೆ ಅಕ್ಕನ ದನಿ ಒಂದು ಮೀಟರ್ ಆಚೆಯ ಮೈಕಿಗೆ ಸುಮಾರು 3 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಅವೆರಡನ್ನೂ ಬೆರೆಸಿದಾಗ ಕೆಲವು ಸ್ವರಾಂಶಗಳು ಒಂದನ್ನೊಂದು ಅಳಿಸಿಹಾಕಿ, ಕೊಡದೊಳಗಿಂದ ಹಾಡಿದಂತೆ ಕೇಳಿಸುತ್ತದೆ. ಪಾಠ ಹೇಳಿದ ಮೇಷ್ಟ್ರೇ ಅದನ್ನು ಮರೆತಿದ್ದ.

ಮರುವರ್ಷವೇ ಅಕ್ಕ ತೀರಿಕೊಂಡಳು. ಇನ್ನೊಮ್ಮೆ ಹಾಡಿಸಿದ್ದರಾಗುತ್ತಿತ್ತು; ಇಂದು ನಾಳೆ ಎನ್ನುತ್ತ ಕಾಲ ಕಳೆಯಿತು.

"ಈಗ ತಂತ್ರಾಂಶವೇ ಬೇರ್ಪಡಿಸುತ್ತದೆ ಸಾರ್, 2023ರಲ್ಲಿ ಬೀಟಲ್ಸರ ಹಾಡೇ ಬಂತಲ್ಲ" ಎಂದು ನಮ್ಮ ಹುಡುಗ ವಾದಿಸಿದ. ನಿಜ. ಜಾನ್ ಲೆನನ್ 1970ರ ದಶಕದಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತ ಹಾಡಿಟ್ಟಿದ್ದ ಕ್ಯಾಸೆಟ್ಟಿನಿಂದ ಅವನ ದನಿಯನ್ನು ಹಾಗೆಯೇ ಬಿಡಿಸಿ ತೆಗೆದರು. ನನ್ನ ಮೊಮ್ಮಗನೂ ಅಕ್ಕನ ಹಾಡಿಗೆ ಅಂಥದೊಂದು ತಂತ್ರಾಂಶ ಹಚ್ಚಿ ನೋಡಿದ. ದನಿ ಬಂತು, ಆದರೆ ಹಾರ್ಮೋನಿಯಂನ ನೆರಳು ಅದಕ್ಕೆ ಅಂಟಿಕೊಂಡೇ ಬಂತು. ಪದದ ಕೊನೆಯ ಅಕ್ಷರಗಳು ಸವೆದುಹೋದವು. ನಮ್ಮಲ್ಲಿ ಹಾರ್ಮೋನಿಯಂ ಹಾಡುವವರ ಸ್ವರವನ್ನೇ ಬೆನ್ನಟ್ಟಿ ನುಡಿಯುತ್ತದೆ, ಬಿಡಿಸುವುದು ಸುಲಭವಲ್ಲ. ಮೊದಲೇ ಬೇರೆಬೇರೆ ಇಟ್ಟಿದ್ದರೆ ಈ ಪಡಿಪಾಟಲೇ ಇರುತ್ತಿರಲಿಲ್ಲ.

ಇಷ್ಟಕ್ಕೂ ಆ ಹಾರ್ಮೋನಿಯಂ ಯಾರಿಗೆ ಬೇಕಿತ್ತು? ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಹೊತ್ತಿದ್ದವರು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಅಂಥವರ ಹಾಡಿಗೆ ಒಂದು ಒಳ್ಳೆಯ ಮೈಕು ಧಾರಾಳ ಸಾಕು. ಖಾಲಿ ತೂತು ಕಂಡಾಗ ತುಂಬಬೇಕೆನಿಸುವ ನಮ್ಮ ಹುಚ್ಚು ಹಾಡಿನ ಸ್ವರೂಪವನ್ನೇ ಕೆಡಿಸಿತೆಂಬುದು ನನ್ನ ದೊಡ್ಡ ದೂರು.

ಆದ್ದರಿಂದ ಎರಡು ಮೈಕು ಚುಚ್ಚಬಲ್ಲ ಸಣ್ಣ ಆಡಿಯೋ ಇಂಟರ್‌ಫೇಸ್ ಕೊಳ್ಳಿ ಎನ್ನುತ್ತೇನೆ. ಅಂಗೈಯಗಲದ ಪೆಟ್ಟಿಗೆ, ನೋಡಲು ಏನೇನೂ ಗತ್ತಿಲ್ಲ! ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನು ಅದೇ ಒದಗಿಸುತ್ತದೆ. ಎರಡು ಮೈಕಿನ ಧ್ವನಿಯನ್ನೂ ಪ್ರತ್ಯೇಕವಾಗಿಯೇ ಗಣಕಕ್ಕೆ ಒಪ್ಪಿಸುತ್ತದೆ. 24 ಬಿಟ್, 48 ಕಿಲೋಹರ್ಟ್ಸಿನಲ್ಲಿ ಗಂಟೆಗೆ ಸುಮಾರು 1 ಜಿಬಿ ಜಾಗ ಹಿಡಿಯುತ್ತದೆ, ಅಷ್ಟೇ. ಏರುದನಿಯಲ್ಲೂ ಮಾಪಕ ಮೈನಸ್ 12 ಡೆಸಿಬಲ್ ದಾಟದಂತೆ ನೋಡಿಕೊಂಡರಾಯಿತು. ಒಡೆದ ಧ್ವನಿ ಮತ್ತೆ ಕೂಡುವುದಿಲ್ಲ. ಬೆರೆಸಲು ಆಡಾಸಿಟಿಯಂಥ ಉಚಿತ ತಂತ್ರಾಂಶವಿದೆ.

ಭಜನಾ ಮೇಳದ ಆರೇಳು ಜನ ಒಟ್ಟಿಗೇ ಹಾಡಬೇಕು, ಅದೂ ಬಿಡಿಬಿಡಿಯಾಗಿ ಸಿಗಬೇಕು ಎಂದು ಹಟವಿದ್ದರೆ ಮಾತ್ರ ಪ್ರತಿ ಚಾನೆಲ್ಲನ್ನೂ ಬೇರೆಯಾಗಿ ದಾಖಲಿಸುವ ಮಿಕ್ಸರನ್ನೇ ಕೇಳಿ ಪಡೆಯಿರಿ. ಝೂಮ್ ಎಲ್-12, ಸೌಂಡ್‌ಕ್ರಾಫ್ಟಿನ ಸಿಗ್ನೇಚರ್ 12 ಎಂಟಿಕೆ ಆ ಜಾತಿಯವು. ಬೆಲೆಯೂ ಆ ಜಾತಿಯದ್ದೇ.

ಉಳಿದ ಹಣವನ್ನು ಕೋಣೆಗೆ ಹಾಕಿ. ಆರ್‌ಸಿಸಿ ಮನೆಯ ಬರಿಗೋಡೆಗಳ ಮಾರ್ದನಿಯನ್ನು ಯಾವ ಗುಂಡಿಯೂ ತಗ್ಗಿಸಲಾರದು. ಚಳ್ಳಕೆರೆ ಕಡೆಯ ದಪ್ಪ ಕುರಿ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿಡಿ. ಫ್ಯಾನು ಆರಿಸಿ. ಅರ್ತಿಂಗ್ ಸರಿಯಿದೆಯೇ ಎಂದು ವೈರಿಂಗಿನವರಿಂದ ನೋಡಿಸಿ, ಇಲ್ಲದಿದ್ದರೆ ಪ್ರತಿ ಹಾಡಿನ ಅಡಿಯಲ್ಲೂ ಗುಂಯ್ ಎನ್ನುವ ಶ್ರುತಿಪೆಟ್ಟಿಗೆಯೊಂದು ಉಚಿತವಾಗಿ ಸಿಗುತ್ತದೆ.

ನಿನ್ನೆ ಅವನೇ ಮತ್ತೆ ಕರೆ ಮಾಡಿದ್ದ. ಊರಿನಲ್ಲಿ ಪದ ಬಲ್ಲ ಅಜ್ಜಿಯರು ಈಗ ಮೂವರೇ ಉಳಿದಿದ್ದಾರಂತೆ. ದೀಪಾವಳಿಗೆ ಬಂದಾಗ ಎಲ್ಲವನ್ನೂ ಹೊಂದಿಸುತ್ತೇನೆ ಎಂದ. ಅಲ್ಲಿಯವರೆಗೆ ಕಾಯಬೇಡ, ಈ ಭಾನುವಾರವೇ ಬಾ, ಕಂಬಳಿ ನಾನು ತರುತ್ತೇನೆ ಎಂದಿದ್ದೇನೆ.